ನಾಲ್ಕು ಗಂಟೆಯ ದಾರಿ



ಸಾವಿನ ಮನೆಗೆ ಹೋದವರು ಒಂದು ಕಾಲದಲ್ಲಿ ಮೊದಲು ಕೇಳುತ್ತಿದ್ದುದು ‘ಏನಾಗಿತ್ತು?’ ಎಂದು. ಈಗ ನಮ್ಮ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಕಡೆ ಅದರ ಜೊತೆಗೆ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ: ‘ಮಗ ಎಷ್ಟು ಹೊತ್ತಿಗೆ ಬರ್ತಾನೆ?’ ಮಗ ದುಬೈಯಲ್ಲಿದ್ದಾನೆ, ಅಥವಾ ಮಗಳು ಕುವೈತಿನಲ್ಲಿ ನರ್ಸ್ ಆಗಿದ್ದಾಳೆ. ಶಾಮಿಯಾನದ ಕೆಳಗೆ ಕುಳಿತ ಹಿರಿಯರೊಬ್ಬರು ಬೆರಳು ಮಡಿಸಿ ಲೆಕ್ಕ ಹಾಕುತ್ತಾರೆ. ‘ದುಬೈ ಏನು ದೂರ ಬಿಡ್ರಿ, ನಾಲ್ಕೇ ಗಂಟೆ. ಮನಸ್ಸು ಮಾಡಿದ್ರೆ ಬೆಳಿಗ್ಗೆ ಹೊರಟು ಮಧ್ಯಾಹ್ನಕ್ಕೆ ಬರಬಹುದು.’

ಆ ‘ಮನಸ್ಸು ಮಾಡಿದ್ರೆ’ ಎಂಬ ಮಾತಿನ ಬಗ್ಗೆಯೇ ಇಂದು ನಿಮ್ಮೊಡನೆ ಸ್ವಲ್ಪ ಯೋಚಿಸಬೇಕೆಂದಿದ್ದೇನೆ. ಅದು ಲೆಕ್ಕದ ಮಾತಿನಂತೆ ಕೇಳಿಸುತ್ತದೆ. ಆದರೆ ಅದರೊಳಗೆ ಒಂದು ತೀರ್ಪು ಅಡಗಿದೆ. ದಾರಿ ಚಿಕ್ಕದು, ಆದ್ದರಿಂದ ಬಾರದಿದ್ದರೆ ಕೊರತೆ ಇರುವುದು ಪ್ರೀತಿಯಲ್ಲಿ ಎಂಬ ತೀರ್ಪು. ಇದು ನ್ಯಾಯವೇ?

ಮೊದಲು ಲೆಕ್ಕವನ್ನೇ ನೋಡೋಣ. ಬೆಂಗಳೂರಿನಿಂದ ದುಬೈಗೆ ಆಕಾಶಮಾರ್ಗದಲ್ಲಿ ಸುಮಾರು 2,700 ಕಿಲೋಮೀಟರ್. ವಿಮಾನಕ್ಕೆ ಹೆಚ್ಚುಕಡಿಮೆ ನಾಲ್ಕು ಗಂಟೆ ಸಾಕು. ಬರುವಾಗ ಇನ್ನೂ ಸ್ವಲ್ಪ ಕಡಿಮೆ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಗಾಳಿ ವಿಮಾನವನ್ನು ಹಿಂದಿನಿಂದ ತಳ್ಳುತ್ತದೆ. ಅಂದರೆ ದುಡಿಯಲು ಹೋಗುವ ದಾರಿಗಿಂತ ಮನೆಗೆ ಮರಳುವ ದಾರಿ ತುಸು ಹತ್ತಿರ! ಆದರೆ ವಿಮಾನ ಚಿತ್ರದುರ್ಗದ ಕೋಟೆಯ ಬಾಗಿಲಿಗೆ ಬಂದು ಇಳಿಯುವುದಿಲ್ಲವಲ್ಲ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಹತ್ತಿರ ತೆರೆದ ವಿಮಾನ ನಿಲ್ದಾಣದಿಂದ ಚಿತ್ರದುರ್ಗಕ್ಕೆ ಸುಮಾರು 200 ಕಿಲೋಮೀಟರ್. ಕಾರಿನಲ್ಲಿ ಬಂದರೂ ಮೂರೂವರೆ, ನಾಲ್ಕು ಗಂಟೆ. ಸಮುದ್ರ ದಾಟಲು ಎಷ್ಟು ಹೊತ್ತೋ ತುಮಕೂರು ರಸ್ತೆ ದಾಟಲೂ ಅಷ್ಟೇ ಹೊತ್ತು! ಹಿರಿಯೂರಿನವರು ಹೆದ್ದಾರಿಯ ಮೇಲಿದ್ದಾರೆ, ಅವರಿಗೆ ಸ್ವಲ್ಪ ಅನುಕೂಲ. ಹೊಸದುರ್ಗ, ಹೊಳಲ್ಕೆರೆಯ ಹಳ್ಳಿಗಳವರು ಹೆದ್ದಾರಿ ಬಿಟ್ಟು ಮತ್ತೆ ಒಳಗೆ ಹೋಗಬೇಕು. ಶಿವಮೊಗ್ಗದ ಸೋಗಾನೆಯಲ್ಲಿ 2023ರ ಫೆಬ್ರವರಿಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಗಿ, ಅದೇ ಆಗಸ್ಟ್ 31ರಿಂದ ಬೆಂಗಳೂರಿನ ವಿಮಾನ ಬರತೊಡಗಿದಾಗ ಹೊಳಲ್ಕೆರೆಯ ಕಡೆಯವರು ಸಂತೋಷಪಟ್ಟರು. ಆದರೆ ಬೆಂಗಳೂರಿನಲ್ಲಿ ಇಳಿದು, ಮುಂದಿನ ವಿಮಾನಕ್ಕೆ ಕಾದು, ಮತ್ತೆ ಹತ್ತಿ ಇಳಿಯುವ ಹೊತ್ತಿಗೆ ಕಾರಿನಲ್ಲಿ ಬಂದವನು ಮನೆ ಸೇರಿರುತ್ತಾನೆ. ನಮ್ಮ ಜಿಲ್ಲೆಯಲ್ಲೂ ಒಂದು ರನ್‌ವೇ ಉಂಟು, ಚಳ್ಳಕೆರೆಯ ಬಳಿ. 2017ರಲ್ಲಿ ಉದ್ಘಾಟನೆಯಾದ ಅದು ರಕ್ಷಣಾ ಇಲಾಖೆಯ ಪರೀಕ್ಷೆಗಳಿಗಾಗಿ ಇರುವುದು, ನಮ್ಮ ನಿಮ್ಮ ಮಕ್ಕಳು ಇಳಿಯಲು ಅಲ್ಲ.

ಈಗ ಬೆಳಗಿನ ಜಾವ ನಾಲ್ಕಕ್ಕೆ ಹಿರಿಯೂರಿನಿಂದ ಫೋನು ಹೋಯಿತು ಎಂದುಕೊಳ್ಳಿ. ದುಬೈಯಲ್ಲಿ ಆಗ ರಾತ್ರಿ ಎರಡೂವರೆ. ಒಂದು ಕೋಣೆಯಲ್ಲಿ ಆರು ಮಂದಿ ಮಲಗಿರುವ ಕಡೆ ಹುಡುಗ ಎದ್ದು ಕೂರುತ್ತಾನೆ. ಮೇಲಧಿಕಾರಿಗೆ ಹೇಳಬೇಕು, ಆಫೀಸು ತೆರೆಯಬೇಕು, ರಜೆ ಮಂಜೂರಾಗಬೇಕು. ಆ ದಿನದ ಟಿಕೆಟ್ ಸಿಗಬೇಕು. ಸಿಕ್ಕರೂ ತಿಂಗಳ ಮುಂಚೆ ತೆಗೆದ ಟಿಕೆಟ್ಟಿನ ದರಕ್ಕೆ ಅದು ಸಿಗುವುದಿಲ್ಲ. ಮೂರು ಗಂಟೆ ಮೊದಲೇ ನಿಲ್ದಾಣ ತಲುಪಬೇಕು. ಎಲ್ಲವೂ ಸುಸೂತ್ರವಾಗಿ ನಡೆದರೂ ಅವನು ಹಿರಿಯೂರಿನ ಮನೆಯ ಹೊಸ್ತಿಲು ತುಳಿಯುವಾಗ ನಡುರಾತ್ರಿಯಾದೀತು. ಹಿರಿಯರು ಹೇಳಿದ ನಾಲ್ಕು ಗಂಟೆ ಸುಳ್ಳಲ್ಲ. ಆದರೆ ಅದು ವಿಮಾನದ ಪ್ರಯಾಣ, ಮಗನ ಪ್ರಯಾಣವಲ್ಲ.

ಇದಕ್ಕಿಂತ ದೂರದಲ್ಲಿರುವವರೂ ನಮ್ಮ ನಡುವೆ ಇದ್ದಾರೆ. 2021ರ ಜನವರಿಯಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿಂದ ಏರ್ ಇಂಡಿಯಾದ ವಿಮಾನವೊಂದು ಎಲ್ಲೂ ಇಳಿಯದೆ ಹಾರಿ ಬಂತು. ಪೈಲಟ್‌ಗಳೆಲ್ಲ ಮಹಿಳೆಯರೇ. ಸುಮಾರು 14,000 ಕಿಲೋಮೀಟರ್, ಹದಿನೇಳು ಗಂಟೆ. ಭೂಮಿಯ ಆ ಮಗ್ಗುಲಿನಿಂದ ಈ ಮಗ್ಗುಲಿಗೆ ಒಂದೇ ಉಸಿರಿನಲ್ಲಿ! ಇದನ್ನು ಪತ್ರಿಕೆಯಲ್ಲಿ ಓದಿದ ದಿನ ಅಮೆರಿಕದಲ್ಲಿ ಮಕ್ಕಳಿರುವ ಎಷ್ಟೋ ತಾಯಂದಿರು ‘ಇನ್ನು ನನ್ನ ಮಗ ಹತ್ತಿರವಾದ’ ಎಂದುಕೊಂಡಿರಬೇಕು.

ಹತ್ತಿರವಾದನೇ? ಇಲ್ಲಿಂದ ನಮ್ಮ ನಿಜವಾದ ಪ್ರಶ್ನೆ ಹುಟ್ಟುತ್ತದೆ.

ಗುರುಮಠದಲ್ಲಿ ನೀತಿಶಾಸ್ತ್ರದ ಪಾಠ ಮಾಡುವಾಗ ಹಳೆಯ ಲ್ಯಾಟಿನ್ ಸೂತ್ರವೊಂದನ್ನು ಹೇಳಿಕೊಡುತ್ತಾರೆ: ಅಸಾಧ್ಯವಾದುದಕ್ಕೆ ಯಾರೂ ಬದ್ಧರಲ್ಲ. ಜರ್ಮನಿಯ ಕಾಂಟ್ ಎಂಬ ತತ್ತ್ವಜ್ಞಾನಿಯ ಹೆಸರಿನೊಂದಿಗೂ ಇದೇ ವಿಚಾರ ಸೇರಿಕೊಂಡಿದೆ. ‘ಮಾಡಬೇಕು’ ಎನ್ನುವ ಮೊದಲು ‘ಮಾಡಬಲ್ಲ’ ಎಂಬುದು ಇರಬೇಕು. 1982ರವರೆಗೂ ಮುಂಬಯಿಯಿಂದ ಕೊಲ್ಲಿಯ ಬಂದರುಗಳಿಗೆ ‘ದ್ವಾರಕಾ’ ಎಂಬ ಪ್ರಯಾಣಿಕರ ಹಡಗು ಹೋಗಿಬರುತ್ತಿತ್ತು, ದಿನಗಟ್ಟಲೆಯ ದಾರಿ. ಆ ಕಾಲದಲ್ಲಿ ತಂದೆ ತೀರಿಕೊಂಡರೆ ಮಗನಿಗೆ ಕಾಗದ ಹೋಗುತ್ತಿತ್ತು. ಅದು ಸಿಗುವ ಹೊತ್ತಿಗೆ ಇಲ್ಲಿ ಸಮಾಧಿಯ ಮೇಲೆ ಹುಲ್ಲು ಬಂದಿರುತ್ತಿತ್ತು. ಮಗ ಬರಲಿಲ್ಲ ಎಂದು ಯಾರೂ ದೂರಲಿಲ್ಲ. ಬರಲಾಗದವನನ್ನು ದೂರುವುದು ಹೇಗೆ? ಈಗ ವಿಮಾನ ಬಂದಿದೆ. ಆಗದಿದ್ದುದು ಆಗುವಂತಾಗಿದೆ. ಹಾಗಾದರೆ ಹೊಣೆಯೂ ಬೆಳೆದಿದೆಯಲ್ಲವೇ?

ಬೆಳೆದಿದೆ, ನಿಜ. ಯಾರು ಬರಬಲ್ಲರೋ ಅವರು ಬರಬೇಕು. ದೇವರ ನಾಲ್ಕನೆಯ ಕಟ್ಟಳೆ ಹಡಗಿನ ಕಾಲಕ್ಕೊಂದು, ವಿಮಾನದ ಕಾಲಕ್ಕೊಂದು ಎಂದು ಎರಡಿಲ್ಲ. ಅನುಕೂಲ ಹೆಚ್ಚಿದವನಿಗೆ ಅದು ಹೆಚ್ಚನ್ನೇ ಕೇಳುತ್ತದೆ. ಆದರೆ ‘ಬರಬಲ್ಲ’ ಎಂಬುದನ್ನು ಅಳೆಯಬೇಕಾದುದು ವಿಮಾನದ ಶಕ್ತಿಯಿಂದಲ್ಲ, ಆ ಮನುಷ್ಯನ ಶಕ್ತಿಯಿಂದ. ಕುವೈತಿನಲ್ಲಿ 2025ರ ಜುಲೈ 1ರಿಂದ ಖಾಸಗಿ ಕಂಪೆನಿಗಳಲ್ಲಿ ದುಡಿಯುವ ಹೊರದೇಶದವರು ದೇಶ ಬಿಡುವ ಮೊದಲು ಮಾಲೀಕನ ಒಪ್ಪಿಗೆಯಿರುವ ಪರವಾನಿಗೆ ಪಡೆಯಬೇಕಾಗಿದೆ. ಒಪ್ಪಿಗೆ ಬರುವವರೆಗೆ ಆಕೆಯ ಊರು ನಾಲ್ಕು ಗಂಟೆಯ ದಾರಿಯೂ ಅಲ್ಲ, ನಲವತ್ತು ಗಂಟೆಯ ದಾರಿಯೂ ಅಲ್ಲ. ನೆನಪಿದೆಯೇ, 2020ರ ಮಾರ್ಚ್ 23ರಿಂದ ನಮ್ಮ ದೇಶಕ್ಕೆ ಬರುವ ಅಂತರರಾಷ್ಟ್ರೀಯ ವಿಮಾನಗಳು ನಿಂತೇ ಹೋದವು. ಮತ್ತೆ ಮೊದಲಿನಂತೆ ವೇಳಾಪಟ್ಟಿಯ ಪ್ರಕಾರ ಶುರುವಾದದ್ದು 2022ರ ಮಾರ್ಚ್ 27ರಂದು. ನಡುವೆ ವಿಶೇಷ ವಿಮಾನಗಳಲ್ಲಿ ಜಾಗ ಸಿಕ್ಕವರು ಬಂದರು, ಸಿಗದವರು ಕೋಣೆಯ ಗೋಡೆ ನೋಡುತ್ತಾ ತಂದೆತಾಯಿಯರನ್ನು ಕಳೆದುಕೊಂಡರು. ಕಿಲೋಮೀಟರುಗಳು ಅಷ್ಟೇ ಇದ್ದವು.

ಸಂತ ಯೊವಾನ್ನನ ಶುಭಸಂದೇಶದ ಹನ್ನೊಂದನೆಯ ಅಧ್ಯಾಯವನ್ನು ಈ ಕಣ್ಣಿನಿಂದ ಒಮ್ಮೆ ಓದಿ ನೋಡಿ. ಬೆಥಾನಿಯದಲ್ಲಿ ಲಾಜರ ಕಾಯಿಲೆ ಬಿದ್ದಿದ್ದಾನೆ. ಯೇಸುಸ್ವಾಮಿ ಜೋರ್ಡನ್ ನದಿಯ ಆಚೆ ಇದ್ದಾರೆ. ಅವರು ಬರುವಾಗ ಲಾಜರನನ್ನು ಸಮಾಧಿ ಮಾಡಿ ನಾಲ್ಕು ದಿನವಾಗಿದೆ. ನೀವು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಎಂದು ಮಾರ್ತಳೂ ಹೇಳುತ್ತಾಳೆ, ಮರಿಯಳೂ ಹೇಳುತ್ತಾಳೆ. ಸ್ವಾಮಿ ಗದರುವುದಿಲ್ಲ. ಒಬ್ಬಳೊಡನೆ ಪುನರುತ್ಥಾನದ ಮಾತಾಡುತ್ತಾರೆ, ಇನ್ನೊಬ್ಬಳ ಮುಂದೆ ಕಣ್ಣೀರಿಡುತ್ತಾರೆ. ಆದರೆ ಅಲ್ಲಿ ಸುತ್ತ ನಿಂತವರೂ ಇದ್ದರು. ಕುರುಡನಿಗೆ ಕಣ್ಣು ಕೊಟ್ಟವನಿಗೆ ಇದನ್ನು ತಪ್ಪಿಸಲು ಆಗುತ್ತಿರಲಿಲ್ಲವೇ ಎಂದು ಅವರಲ್ಲಿ ಕೆಲವರು ಮಾತಾಡಿಕೊಂಡರು. ಶಾಮಿಯಾನದ ಕೆಳಗಿನ ‘ಮನಸ್ಸು ಮಾಡಿದ್ರೆ’ ಎಂಬ ಮಾತಿಗೂ ಇದಕ್ಕೂ ಎಷ್ಟು ಹೋಲಿಕೆ ನೋಡಿ! ಅವರಿಗೆ ಸ್ವಾಮಿ ಉತ್ತರ ಕೊಟ್ಟದ್ದಾಗಿ ಬರೆದಿಲ್ಲ. ಅದೇ ಮಾತನ್ನು ದುಃಖದಲ್ಲಿರುವ ಅಕ್ಕ ಹೇಳಬಹುದು, ಅದು ಅವಳ ಹಕ್ಕು. ಕುರ್ಚಿಯಲ್ಲಿ ಕುಳಿತವರು ಹೇಳಬಾರದು.

ಅದೇ ಅಧ್ಯಾಯದ ಆರಂಭದಲ್ಲಿ ನಾವು ಓದಿ ಮುಂದೆ ಹೋಗಿಬಿಡುವ ಒಂದು ಸಂಗತಿ ಇದೆ. ಅಕ್ಕಂದಿರು ಹೇಳಿಕಳುಹಿಸಿದ್ದು ಯಾವಾಗ? ತಮ್ಮ ಸತ್ತ ಮೇಲಲ್ಲ, ಕಾಯಿಲೆಯಲ್ಲಿದ್ದಾಗ. ಫೋನಿಲ್ಲದ ಕಾಲದಲ್ಲಿ, ನಡೆದುಹೋಗುವ ಆಳಿನ ಕೈಯಲ್ಲಿ ಅವರು ಸುದ್ದಿ ಮುಟ್ಟಿಸಿದರು. ನಮ್ಮ ಕೈಯಲ್ಲಿ ಫೋನಿದೆ. ಹಿರಿಯೂರಿನ ಮಾತು ದುಬೈಯನ್ನು ಮುಟ್ಟಲು ಒಂದು ಕ್ಷಣ ಸಾಕು. ಆದರೂ ಎಷ್ಟು ಮನೆಗಳಲ್ಲಿ ಆ ಒಂದು ಕ್ಷಣದ ಮಾತು ಮೂರು ವಾರ, ಮೂರು ತಿಂಗಳು ನಾಲಗೆಯ ಮೇಲೇ ಕುಳಿತಿರುತ್ತದೆ!

ನಿಮಗೆ ಗೊತ್ತಿರುವ ಮನೆಯೇ ಇದು. ತಾಯಿಗೆ ಕಿಡ್ನಿ ತೊಂದರೆ, ವಾರಕ್ಕೆ ಎರಡು ಸಲ ಡಯಾಲಿಸಿಸ್. ಜೊತೆಗಿರುವ ಮಗಳು ಕೇಳುತ್ತಾಳೆ, ‘ಅಣ್ಣನಿಗೆ ಹೇಳೋಣ್ವೇನಮ್ಮಾ?’ ತಾಯಿ ಅನ್ನುತ್ತಾಳೆ, ‘ಬ್ಯಾಡ ಸುಮ್ನಿರವ್ವ, ಅಷ್ಟು ದೂರದಲ್ಲಿ ಅವನು ಕೊರಗ್ತಾನೆ. ಸಾಲ ತೀರಿಸ್ಕೊಂಡು ಬರ್ಲಿ.’ ಭಾನುವಾರ ಸಂಜೆ ಫೋನು ಬಂದಾಗ ಆಕೆಯೇ ಎದ್ದು ಕುಳಿತು ಸೆರಗು ಸರಿಮಾಡಿಕೊಂಡು, ‘ನಾನು ಚೆನ್ನಾಗಿದೀನಿ ಕಣಪ್ಪ, ನೀನು ಉಂಡ್ಯಾ?’ ಎನ್ನುತ್ತಾಳೆ. ಒಂದು ಬೆಳಗಿನ ಜಾವ ಮಗಳು ಫೋನು ಮಾಡಿ ‘ಅಮ್ಮ ಹೋಗಿಬಿಟ್ಳು’ ಎನ್ನುತ್ತಾಳೆ. ಅವನ ಪಾಲಿಗೆ ತಾಯಿ ಹೋದ ಭಾನುವಾರದವರೆಗೂ ಚೆನ್ನಾಗಿದ್ದವಳು. ದುಬೈಗೂ ಹಿರಿಯೂರಿಗೂ ನಡುವಿನ ನಿಜವಾದ ದೂರ ಉಂಟಾದದ್ದು ಆ ಮೂರು ತಿಂಗಳಲ್ಲಿ, ಆ ಮನೆಯ ಒಳಗೆ.

ಇಲ್ಲಿ ಕೆಟ್ಟವರು ಯಾರೂ ಇಲ್ಲ ಎಂಬುದೇ ಕಷ್ಟ. ತಾಯಿಯದು ಪ್ರೀತಿ. ಮಗಳದು ವಿಧೇಯತೆ. (ಕೆಲವು ಮನೆಗಳಲ್ಲಿ ಅಷ್ಟು ಚೆನ್ನಾಗಿಲ್ಲದ ಕಾರಣಗಳೂ ಇರುತ್ತವೆ. ಅವನು ಬಂದರೆ ಆಸ್ತಿಯ ಮಾತು ಎದ್ದೀತು, ಆಸ್ಪತ್ರೆಯ ಬಿಲ್ಲು ಕೇಳಿಯಾನು ಎಂದು. ಅದನ್ನು ಸದ್ಯ ಬಿಟ್ಟುಬಿಡೋಣ.) ಪ್ರೀತಿಯಿಂದ ಹೇಳಿದ ಸುಳ್ಳು ತಪ್ಪೇ? ಸಂತ ಆಗಸ್ಟೀನರು ಸುಮಾರು 420ನೆಯ ಇಸವಿಯಲ್ಲಿ ಸುಳ್ಳಿನ ವಿರುದ್ಧ ಬರೆದ ಪುಸ್ತಕದಲ್ಲಿ ಇದಕ್ಕೆ ತೀರಾ ಹತ್ತಿರದ ಒಂದು ಸಂದರ್ಭವನ್ನು ಎತ್ತಿಕೊಳ್ಳುತ್ತಾರೆ. ಸಾಯುವ ಸ್ಥಿತಿಯಲ್ಲಿರುವ ಒಬ್ಬ ತಂದೆ. ಅವನ ಒಬ್ಬನೇ ಮಗ ತೀರಿಕೊಂಡಿದ್ದಾನೆ, ಅದು ಅವನಿಗೆ ತಿಳಿದಿಲ್ಲ. ‘ನನ್ನ ಮಗ ಇದ್ದಾನೆಯೇ?’ ಎಂದು ಕೇಳುತ್ತಾನೆ. ನಿಜ ಹೇಳಿದರೆ ಪ್ರಾಣ ಹೋದೀತು. ಏನು ಹೇಳುವುದು? ಆಗಸ್ಟೀನರು ಕಲ್ಲುಮನಸ್ಸಿನವರಲ್ಲ. ಈ ಪ್ರಶ್ನೆ ತಮ್ಮನ್ನು ಅಲುಗಾಡಿಸುತ್ತದೆ ಎಂದು ಒಪ್ಪಿಕೊಳ್ಳುತ್ತಾರೆ. ಆದರೂ ಸುಳ್ಳಿಗೆ ಅನುಮತಿ ಕೊಡುವುದಿಲ್ಲ. ಒಮ್ಮೆ ಈ ಬಾಗಿಲು ತೆರೆದರೆ ಅದು ಸ್ವಲ್ಪಸ್ವಲ್ಪವೇ ಅಗಲವಾಗುತ್ತದೆ ಎಂಬುದು ಅವರ ಭಯ. ಸಂತ ಥಾಮಸ್ ಅಕ್ವಿನಾಸರೂ ಸುಳ್ಳನ್ನು ಒಪ್ಪುವುದಿಲ್ಲ, ಆದರೆ ವಿವೇಕದಿಂದ ಸತ್ಯವನ್ನು ಹೇಳದೆ ಉಳಿಸಿಕೊಳ್ಳಬಹುದು ಎನ್ನುತ್ತಾರೆ. ಹೇಳದಿರುವುದು ಬೇರೆ, ಸುಳ್ಳು ಹೇಳುವುದು ಬೇರೆ.

ಈ ಭೇದ ನಮಗೆ ಬೇಕಾಗಿದೆ. ನನ್ನ ಕಾಯಿಲೆಯ ವಿವರವನ್ನು ಯಾರಿಗೆ ಹೇಳಬೇಕು, ಯಾರಿಗೆ ಬೇಡ ಎಂಬುದು ನನ್ನ ಹಕ್ಕಲ್ಲವೇ ಎಂದು ತಾಯಿ ಕೇಳಿದರೆ ಅದು ಸರಿಯಾದ ಪ್ರಶ್ನೆಯೇ. ಆದರೆ ಮಗನ ಮುಂದೆ ‘ಚೆನ್ನಾಗಿದೀನಿ’ ಎಂದಾಗ ಆಕೆ ಬರೀ ತನ್ನ ವಿಷಯವನ್ನು ಮುಚ್ಚಿಟ್ಟಂತಾಗಲಿಲ್ಲ. ಅವನು ಮಾಡಬೇಕಾದ ಆಯ್ಕೆಯನ್ನು ತಾನೇ ಮಾಡಿಬಿಟ್ಟಳು. ತಾಯಿಯ ಕೈ ಹಿಡಿದು ನಾಲ್ಕು ದಿನ ಕೂರಲು ಅವನು ಆರು ತಿಂಗಳ ಉಳಿತಾಯವನ್ನು ಕಳೆಯುತ್ತಿದ್ದನೋ ಏನೋ, ಕೆಲಸವನ್ನೇ ಬಿಟ್ಟು ಬರುತ್ತಿದ್ದನೋ ಏನೋ. ಅಥವಾ ಬರಲಾಗದೆ ದಿನವೂ ಫೋನು ಮಾಡುತ್ತಿದ್ದ. ತಂದೆತಾಯಿಯರನ್ನು ಗೌರವಿಸುವ ಕಟ್ಟಳೆ ಅವನಿಗೆ ಕೊಟ್ಟದ್ದು, ಅದನ್ನು ಪಾಲಿಸುವ ಅವಕಾಶವೂ ಅವನದೇ. ಆದ್ದರಿಂದ ಇಂಥ ತಾಯಂದಿರಿಗೆ ನಾನು ಹೇಳುವುದಿಷ್ಟು: ‘ಬರಬೇಡಪ್ಪ’ ಎಂದು ಹೇಳಲು ನಿಮಗೆ ಪೂರ್ಣ ಅಧಿಕಾರವಿದೆ. ‘ಬರುವಂಥದ್ದೇನೂ ಆಗಿಲ್ಲ’ ಎಂದು ಹೇಳಲು ಇಲ್ಲ.

ಜೊತೆಗಿರುವ ಮಗಳ ಪಾಡನ್ನೂ ನೋಡಬೇಕು. ಎಲ್ಲರನ್ನೂ ಸಮಾನವಾಗಿ ಪ್ರೀತಿಸಬೇಕು, ಆದರೆ ಎಲ್ಲರಿಗೂ ನೆರವಾಗಲು ಆಗುವುದಿಲ್ಲವಾದ್ದರಿಂದ ಸ್ಥಳ, ಕಾಲ, ಸಂದರ್ಭಗಳು ಯಾರನ್ನು ನಮ್ಮ ಹತ್ತಿರ ತಂದಿಟ್ಟಿವೆಯೋ ಅವರನ್ನು ಮೊದಲು ನೋಡಿಕೊಳ್ಳಬೇಕು ಎಂದು ಆಗಸ್ಟೀನರೇ ಇನ್ನೊಂದು ಕಡೆ ಹೇಳುತ್ತಾರೆ. ಅವರಿಗೆ ಹತ್ತಿರವಿರುವುದು ಚೀಟಿ ಎತ್ತಿದಾಗ ಬಂದ ಪಾಲಿನ ಹಾಗೆ. ಹೊಸದುರ್ಗದಲ್ಲೋ ಹೊಳಲ್ಕೆರೆಯಲ್ಲೋ ಉಳಿದುಕೊಂಡ ಮಗಳಿಗೆ, ಸೊಸೆಗೆ ಈ ಚೀಟಿ ಬಂದಿದೆ. ಮಾತ್ರೆ, ಬಟ್ಟೆ, ಆಸ್ಪತ್ರೆಯ ಸಾಲು ಎಲ್ಲವೂ ಅವಳದೇ. ಅದರ ಮೇಲೆ ಅಣ್ಣನಿಗೆ ನಿಜ ಹೇಳುವ ಹೊರೆಯೂ ಅವಳದೇ. ಅವಳು ಹೇಳದಿದ್ದರೆ ಅದಕ್ಕೆ ಅರ್ಧ ಕಾರಣ ದೂರದಲ್ಲಿರುವವನ ಬಾಯಿ. ‘ಆ ಆಸ್ಪತ್ರೆಗೆ ಯಾಕೆ ಸೇರಿಸಿದ್ರಿ? ಬೆಂಗಳೂರಿಗೆ ಯಾಕೆ ಕರ್ಕೊಂಡು ಹೋಗ್ಲಿಲ್ಲ?’ ಎಂದು ಫೋನಿನಲ್ಲಿ ಒಮ್ಮೆ ಕೂಗಾಡಿದವನಿಗೆ ಎರಡನೆಯ ಸಲ ಯಾರೂ ನಿಜ ಹೇಳುವುದಿಲ್ಲ. ಕೊಲ್ಲಿಯಲ್ಲಿದ್ದುಕೊಂಡು ಈ ಪತ್ರಿಕೆಯನ್ನು ಮನೆಯವರ ಮೂಲಕ ಓದುವ ಮಕ್ಕಳೇ, ನಿಜ ಕೇಳಿಸಿಕೊಳ್ಳುವ ಸಮಾಧಾನ ನಿಮಗಿದೆ ಎಂದು ಮೊದಲು ನಂಬಿಸಿ. ಹೋಗಿಬರುವ ಟಿಕೆಟ್ಟಿನಷ್ಟು ಹಣವನ್ನು ಯಾವ ಸಾಲಕ್ಕೂ ಮುಟ್ಟದೆ ಪಕ್ಕಕ್ಕಿಡಿ. ತಂಗಿಯನ್ನು ‘ಅಮ್ಮ ಹೇಗಿದಾಳೆ?’ ಎಂದಷ್ಟೇ ಕೇಳಬೇಡಿ, ‘ನೀನು ಹೇಗಿದೀಯಮ್ಮಾ, ರಾತ್ರಿ ನಿದ್ದೆ ಆಗ್ತಿದೆಯಾ?’ ಎಂದೂ ಕೇಳಿ.

ಇಷ್ಟು ಹೇಳಿದ ಮೇಲೆ, ಮನೆಯವರು ಮತ್ತೆಮತ್ತೆ ಕೇಳುವ ಪ್ರಶ್ನೆಗೆ ಬರುತ್ತೇನೆ. ಮಗ ಬರುವವರೆಗೆ ಮಣ್ಣು ಮಾಡದೆ ಕಾಯಬೇಕೇ, ಫಾದರ್? ಇಷ್ಟೇ ಗಂಟೆಯೊಳಗೆ ಎಂಬ ನಿಯಮ ಧರ್ಮಸಭೆಯಲ್ಲಿಲ್ಲ. ಒಂದು ದಿನದಲ್ಲಿ ಬರುತ್ತಾನೆಂದು ಖಚಿತವಿದ್ದರೆ ಫ್ರೀಜರ್ ಪೆಟ್ಟಿಗೆ ತರಿಸಿ ಕಾಯಿರಿ, ಅವನಿಗೆ ತಾಯಿಯ ಮುಖ ನೋಡಬೇಕೆಂಬ ಆಸೆ ಇರುವುದು ಸಹಜ. ರಜೆಯೋ ಪರವಾನಿಗೆಯೋ ಸಿಗುವ ನಂಬಿಕೆಯಿಲ್ಲದಿದ್ದರೆ ಕಾಯಬೇಡಿ. ಮನೆಯಲ್ಲಿರುವವರು, ಅದರಲ್ಲೂ ವಯಸ್ಸಾದ ತಂದೆ, ಎರಡು ಮೂರು ದಿನ ಊಟ ನಿದ್ದೆ ಬಿಟ್ಟು ಪೆಟ್ಟಿಗೆಯ ಪಕ್ಕ ಕೂರುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಸಂಯುಕ್ತ ಅರಬ್ ಎಮಿರೇಟ್ಸ್‌ನ ಖಾಸಗಿ ಕೆಲಸಗಾರರ ಕಾಯಿದೆ 2022ರ ಫೆಬ್ರವರಿಯಿಂದ ಜಾರಿಯಲ್ಲಿದೆ. ತಂದೆ ಅಥವಾ ತಾಯಿ ತೀರಿಕೊಂಡರೆ ಅದು 3 ದಿನ ಸಂಬಳಸಹಿತ ರಜೆ ಕೊಡುತ್ತದೆ, ಗಂಡ ಅಥವಾ ಹೆಂಡತಿ ತೀರಿಕೊಂಡರೆ 5 ದಿನ. ಒಳ್ಳೆಯದೇ. ಕಾಯಿಲೆಯಲ್ಲಿರುವ ತಾಯಿಯನ್ನು ನೋಡಿಬರುವವನಿಗೆ ಆ ರಜೆ ಅನ್ವಯಿಸುವುದಿಲ್ಲ, ಅವನು ವರ್ಷದ ರಜೆಯಿಂದಲೇ ಕತ್ತರಿಸಿಕೊಳ್ಳಬೇಕು. ಕಾಯಿದೆಯನ್ನಷ್ಟೇ ದೂರಿ ಪ್ರಯೋಜನವಿಲ್ಲ, ನಮ್ಮ ಊರಿನ ಲೆಕ್ಕವೂ ಹೀಗೆಯೇ ಇದೆ. ಮಣ್ಣಿಗೆ ಬಂದವನನ್ನು ಎಲ್ಲರೂ ನೆನಪಿಡುತ್ತಾರೆ. ಮೂರು ತಿಂಗಳ ಹಿಂದೆ ಬಂದು ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿ ಹೋದವನನ್ನು ಮರೆಯುತ್ತಾರೆ. ರೋಗಿಗಳ ಅಭ್ಯಂಗ ಸಂಸ್ಕಾರದ ವಿಷಯದಲ್ಲೂ ನಾವು ಮಾಡುವುದು ಇದನ್ನೇ. ಅದು ಕೊನೆಯುಸಿರಿನವರಿಗೆ ಮಾತ್ರ ಮೀಸಲಾದ ಸಂಸ್ಕಾರವಲ್ಲ ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲೇ ಹೇಳಿತು. ಆದರೂ ಗುರುಗಳಿಗೆ ಕರೆ ಬರುವುದು ಬಹಳ ಸಲ ರೋಗಿಗೆ ಪ್ರಜ್ಞೆ ತಪ್ಪಿದ ಮೇಲೆ. ‘ಫಾದರ್ ಬಂದರೆ ಅಮ್ಮ ಹೆದರಿಕೊಳ್ತಾಳೆ’ ಎನ್ನುತ್ತಾರೆ. ಮಗ ದುಬೈಯಿಂದ ಬಂದರೂ ಅಮ್ಮ ಹೆದರಿಕೊಳ್ಳುತ್ತಾಳೆ ಎಂಬುದೇ ಅವನಿಗೆ ಹೇಳದಿರಲೂ ಕಾರಣ.

ವರ್ಷಕ್ಕೆ ಒಂದೇ ಸಲ ಬರುವ ಶಕ್ತಿ ಇರುವವನು ಯಾವಾಗ ಬರಬೇಕು? ನನ್ನನ್ನು ಕೇಳಿದರೆ, ಆಕೆ ಮಾತಾಡಬಲ್ಲಾಗ ಬರಲಿ. ಹಾಗೆ ಬಂದು ಹೋಗಿ, ಆಮೇಲೆ ಮಣ್ಣಿಗೆ ಬರಲಾಗದಿದ್ದರೆ ಅವನು ಮಾಡಬೇಕಾದುದನ್ನು ಮಾಡಿದ್ದಾನೆ. ನೆಂಟರಿಷ್ಟರು ಏನಾದರೂ ಅಂದರೆ ಮನೆಯ ಹಿರಿಯರೊಬ್ಬರು ಎದ್ದು ನಿಂತು, ‘ಅವನು ಮಾರ್ಚಿಯಲ್ಲಿ ಬಂದಿದ್ದ, ಹತ್ತು ದಿನ ತಾಯಿಗೆ ಉಣ್ಣಿಸಿ ಹೋದ’ ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕು.

ಬರಲಾಗದ ಮಕ್ಕಳಿಗೆ ಮೊಬೈಲಿನಲ್ಲಿ ಅಂತ್ಯಕ್ರಿಯೆ ತೋರಿಸಬಹುದೇ ಎಂದು ಕೇಳುತ್ತಾರೆ. ಧಾರಾಳವಾಗಿ ತೋರಿಸಿ. ಆದರೆ ಮೊದಲೇ ಗುರುಗಳಿಗೆ ತಿಳಿಸಿ. ಮೊಬೈಲು ಹಿಡಿಯುವವರು ಕೈ ನಡುಗದೆ ಹಿಡಿಯಬಲ್ಲವರಾಗಿರಲಿ, ಜನರ ಬೆನ್ನು ತೋರಿಸುತ್ತಾ ನಿಲ್ಲಬೇಡಿ. ಸಮಾಧಿ ಭೂಮಿಯಲ್ಲಿ ನೆಟ್‌ವರ್ಕ್ ಸಿಗುತ್ತದೆಯೇ ಎಂದು ಬೆಳಿಗ್ಗೆಯೇ ನೋಡಿಕೊಂಡು ಬನ್ನಿ. ಪರಲೋಕ ಮಂತ್ರ ಹೇಳುವಾಗ ಅವನ ಧ್ವನಿಯೂ ಕೇಳುವಂತೆ ಸ್ಪೀಕರ್ ಹಾಕಿ. ಹಿಡಿ ಮಣ್ಣು ಹಾಕುವ ಸರದಿ ಬಂದಾಗ ತಂಗಿ ತನ್ನದನ್ನು ಹಾಕಿದ ಮೇಲೆ ಇನ್ನೊಂದು ಹಿಡಿ ತೆಗೆದುಕೊಂಡು, ‘ಇದು ಅಣ್ಣಂದು’ ಎಂದು ಹೇಳಿ ಹಾಕಲಿ.